ನಿನ್ನೆಗೆ ಹೋಗುವ ಕೊನೆಯ ಬಸ್ಸು

ಸಿದ್ಧಗಂಗಮ್ಮ ತುಮಕೂರಿನಿಂದ ನಿನ್ನೆಗೆ ಹೋಗುವ ಬಸ್ಸಿನ ಕಂಡಕ್ಟರು. ಕೊಡೆ ಮರೆತವರನ್ನೂ ಮಾತು ಮರೆತವರನ್ನೂ ನಿನ್ನೆಗೆ ಬಿಟ್ಟು ಕರೆತರುತ್ತಾಳೆ. ಟ್ರಿಪ್ಪುಗಳ ನಡುವೆ ಸಂಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಾಳೆ. ಪಠ್ಯಪುಸ್ತಕ ಮಾತ್ರ ಈ ಬಸ್ಸು ಬರುವುದಕ್ಕಿಂತ ಮುಂಚಿನದು. ಹೋದ ವರ್ಷ ಮೌಖಿಕ ಪರೀಕ್ಷೆಯಲ್ಲಿ, ಕಾಲದಲ್ಲಿ ಹಿಂದಕ್ಕೆ ಹೋಗಬಹುದೇ ಎಂದು ಕೇಳಿದಾಗ, ಹೋಗಬಹುದೆಂದು ಟಿಕೆಟ್ ಯಂತ್ರವನ್ನೇ ತೋರಿಸಿ ಫೇಲಾಗಿದ್ದಳು. ಈ ಸಲ ಕೊನೆಯ ಅವಕಾಶ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಏರಿಸಿ ಅದನ್ನೇ ಕೇಳಿದರು. "ಏನಮ್ಮಾ, ಹಿಂದಕ್ಕೆ ಹೋಗ್ಬೋದಾ?"

ಮೈಮೇಲಿನ ಖಾಕಿ ಸಿದ್ಧಗಂಗಮ್ಮನನ್ನೇ ದುರುಗುಟ್ಟಿ ನೋಡಿದಂತಾಯಿತು.

"ಪುಸ್ತಕದ ಪ್ರಕಾರ ಆಗಲ್ಲ ಸಾರ್."

"ನಿನ್ನ ಪ್ರಕಾರ?"

"ದಿನಕ್ಕೆ ಆರು ಟ್ರಿಪ್ ಸಾರ್. ಭಾನುವಾರ ನಾಲ್ಕೇ." ಬಾಯಿ ತಪ್ಪಿ ನಿಜ ಹೊರಬಿತ್ತು.

ಪಕ್ಕದಲ್ಲಿ ಕೂತಿದ್ದ ಕಾಲೇಜಿನ ಮೇಷ್ಟ್ರು ಹಣೆ ಚಚ್ಚಿಕೊಂಡರು. ಪರೀಕ್ಷಕರು ಮಾತ್ರ ಗೋಡೆಯ ಗಡಿಯಾರ ನೋಡಿದರು.

"ಮೊದಲನೇ ಉತ್ತರಕ್ಕೆ ಪೂರ್ತಿ ಅಂಕ ಹಾಕಿದ್ದೀನಿ, ಪಾಸಾದೆ. ಎರಡನೇದು ನನ್ನ ಸ್ವಂತಕ್ಕೆ ಕೇಳಿದ್ದು. ಕೊನೆ ಬಸ್ಸು ಎಷ್ಟೊತ್ತಿಗೆ?"

"ಏಳೂವರೆಗೆ ಸಾರ್, ನಂದೇ ಡ್ಯೂಟಿ. ಯಾಕ್ ಸಾರ್?"

ಅವರು ದನಿ ತಗ್ಗಿಸಿದರು. "ಈ ಅಂಕಪಟ್ಟಿ ತಲುಪಿಸೋಕೆ ನಿನ್ನೆಯೇ ಕೊನೇ ದಿನ ಆಗಿತ್ತಮ್ಮಾ."

ಹೋದ ಜೀವ ಬಂದಂತಾಗಿ ಸಿದ್ಧಗಂಗಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು.

"ನೀವು ನಿಧಾನಕ್ಕೆ ಬನ್ನಿ ಸಾರ್. ನೀವು ಹತ್ತೋ ತನಕ ನಾನು ರೈಟ್ ಅನ್ನಲ್ಲ."