ಯಾವ ಮನೆಗೆ?

ಖಾಯ್ ಬಾಯಿಗಿಟ್ಟು ಕೂಗುತ್ತಿದ್ದ ತಗಡಿನ ಕಹಳೆಯನ್ನು ಪಿಯೆಂಗ್ ಕಿತ್ತುಕೊಂಡಳು.

"ಕೊಡಣ್ಣ ಇಲ್ಲಿ. ಆಗಿನಿಂದ ಏನು ಕೂಗ್ತಿದ್ದೀಯ ಗೊತ್ತಾ? 'ಥಾಯ್ ತಮ್ಮಂದಿರಾ, ನಾಯಿ! ನಾಯಿ!' ಅಂತ. ಹಾಗೆ ಕರೆದ್ರೆ ಯಾರು ಬರ್ತಾರೆ?"

ಕಂದಕದಲ್ಲಿದ್ದವರೆಲ್ಲ ನಕ್ಕರು. ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಈ ತುಕಡಿಯ ಮುಖ್ಯಸ್ಥನಾದ ಖಾಯ್ ದೂರದ ನದೀಬಯಲಿನ ಕಡೆಯವನು. ಈ ಬೆಟ್ಟಸೀಮೆಯ ಥಾಯ್ ಜನರ ಮಾತಿನಲ್ಲಿ 'ಬಾ' ಅನ್ನುವಾಗ ದನಿ ತುಸು ತಪ್ಪಿದರೂ 'ನಾಯಿ' ಆಗಿಬಿಡುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನೂ ನಕ್ಕ. ಮರುಕ್ಷಣವೇ ಮುಖ ಗಂಭೀರವಾಯಿತು. "ಬೇಡ ತಂಗಿ. ದನಿ ಬಂದ ಕಡೆಗೇ ಗುಂಡು ಹಾರಿಸ್ತಾರೆ."

"ನಾಳೆ ನೀವು ಆ ಗುಡ್ಡ ಹತ್ತಿದಾಗ ಯಾರ ಕಡೆ ಹಾರಿಸ್ತೀರಿ? ನನ್ನ ಗಂಡ ಅಲ್ಲೇ ಇದಾನಲ್ಲ."

ದಿಯೆನ್ ಬಿಯೆನ್ ಫು ಕಣಿವೆಯಲ್ಲಿ ಕಾಳಗ ಹೊತ್ತಿಕೊಂಡು ಒಂದು ವಾರವೂ ಆಗಿರಲಿಲ್ಲ. ಫ್ರೆಂಚರ ಕೋಟೆಗೆ ಕಾವಲಿದ್ದ ಎರಡು ಗುಡ್ಡಗಳು ಆಗಲೇ ಬಿದ್ದಿದ್ದವು. ಈ ಮೂರನೆಯದನ್ನು ಕಾಯುತ್ತಿದ್ದವರು ಫ್ರೆಂಚರ ಸೈನ್ಯಕ್ಕೆ ಸೇರಿದ್ದ ಥಾಯ್ ಸಿಪಾಯಿಗಳು, ಇದೇ ಕಣಿವೆಯ ಮಕ್ಕಳು. ಪಿಯೆಂಗ್ ಅಕ್ಕಿ ಹೊರುವ ಹೆಂಗಸರ ಜೊತೆ ಬಂದವಳು, ಬುಟ್ಟಿ ಇಳಿಸಿ ನೆಟ್ಟಗೆ ಕಂದಕದ ತುದಿಗೇ ನಡೆದಿದ್ದಳು. ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಮುಳ್ಳುತಂತಿಯೂ ಕಾಣುತ್ತಿರಲಿಲ್ಲ.

"ನಮ್ಮ ಕಾಂಗನ ಅಪ್ಪಾ! ಮುವನ್! ಕೇಳಿಸ್ತಾ?"

ಮಂಜಿನೊಳಗಿಂದ ಯಾರೋ ಕೂಗಿದ: "ಮುವನ್ ಮಲಗಿದಾನೆ! ನಾನು ಬಂದ್ರೆ ಆಗಲ್ವಾ?"

"ಯಾರದು, ಪಾನಾ? ನಿನ್ನನ್ನ ಕಟ್ಕೊಳ್ಳೋದಕ್ಕಿಂತ ನಿಮ್ಮಮ್ಮನ ಎಮ್ಮೆ ಕಟ್ಕೊಳ್ಳೋದು ವಾಸಿ! ನಿಮ್ಮಮ್ಮ ಕಾಡಲ್ಲಿ ಗೆಣಸು ಅಗೆದು ತಿಂತಿದಾಳೆ ಕಣೋ. ನಿನ್ನ ಹೆಸರು ಹೇಳಿ ಹೇಳಿ ಅಳ್ತಾಳೆ."

ಗುಡ್ಡದ ಮೇಲೆ ಎದ್ದಿದ್ದ ನಗೆ ಅಲ್ಲಿಗೇ ನಿಂತಿತು. ಆಗ ಕೇಳಿಸಿತು ಮುವನ್‌ನ ದನಿ, ಗಡಸಾಗಿ: "ಪಿಯೆಂಗ್, ಇಲ್ಲಿ ನಿಲ್ಲಬೇಡ. ಮನೆಗೆ ಹೋಗು!"

"ಯಾವ ಮನೆಗೆ?" ಅವಳು ಕಹಳೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಚಳಿಗಾಲದಲ್ಲಿ ನಿನ್ನ ಫ್ರೆಂಚ್ ಸಾಹೇಬರು ಲಾರಿ ತಂದು ಊರಿಗೆ ಊರನ್ನೇ ಬಿಚ್ಚಿಕೊಂಡು ಹೋದ್ರು. ಕಂಬ, ತೊಲೆ, ನೆಲದ ಹಲಗೆ, ಎಲ್ಲಾ. ನೀನು ಆಗ ಗಡೀಲಿದ್ದೆ, ನಿನಗೆ ಯಾರು ಹೇಳ್ತಾರೆ? ನಿನ್ನ ತಲೆ ಮೇಲೆ ಮಣ್ಣು ತಡೀತಿರೋ ಮರ ಎಲ್ಲಿಂದ ಬಂತು ಅನ್ಕೊಂಡೆ? ಹೋಗಿ ಹುಡುಕು. ಆಮೆ ಕೆತ್ತಿರೋ ನಮ್ಮನೆ ಕಂಬ ಸಿಗತ್ತೆ. ಆ ಆಮೆಯ ಒಂದು ಕಾಲು ಗಿಡ್ಡ, ನೀನು ಕುಡಿದು ಕೆತ್ತಿದ್ದು!"

ಉತ್ತರವಾಗಿ ಬಂದದ್ದು ಮೆಷಿನ್ ಗನ್ನಿನ ಸದ್ದು. ಗುಡ್ಡದ ನೆತ್ತಿಯಿಂದ ಯಾರೋ ಮಂಜನ್ನೇ ಸೀಳುವಂತೆ ಹಾರಿಸುತ್ತಿದ್ದರು. ಖಾಯ್ ಅವಳ ಭುಜ ಹಿಡಿದು ಕೆಳಗೆಳೆದ. ಗುಂಡು ತಗುಲಿದ ಕಹಳೆ ಬಾಯಿ ಹರಿದು ಬಿತ್ತು. ಸದ್ದು ನಿಂತ ಮೇಲೆ ಮುಳ್ಳುತಂತಿ ಮಿಸುಕಿತು. ಒಬ್ಬೊಬ್ಬರಾಗಿ ಥಾಯ್ ಸಿಪಾಯಿಗಳು ಮಂಜಿನಿಂದ ಹೊರಬಂದು ಕಂದಕದೊಳಕ್ಕೆ ಉರುಳತೊಡಗಿದರು. ಮತ್ತೆ ಮೇಲಿನಿಂದ ಗುಂಡು. ತಂತಿಯಲ್ಲಿ ಒಬ್ಬ ಸಿಕ್ಕಿಕೊಂಡು ಜೋತುಬಿದ್ದ. ಎಳೆದು ತಂದಾಗ ಪಿಯೆಂಗ್ ಗುರುತು ಹಿಡಿದಳು: ಪಾನ್. ಬೆನ್ನಿಗೆ ಗುಂಡು ಹೊಕ್ಕಿತ್ತು, ಉಸಿರಿರಲಿಲ್ಲ.

ಅವಳು ತನ್ನ ತಲೆವಸ್ತ್ರ ಬಿಚ್ಚಿ ಅವನ ಮುಖಕ್ಕೆ ಮುಚ್ಚಿದಳು.

"ಸಾಕು ತಂಗಿ, ಕೆಳಗೆ ಹೋಗು," ಎಂದ ಖಾಯ್ ಮೆಲ್ಲಗೆ.

"ಹೆಸರು ಹಿಡಿದು ಕರೆದವಳು ನಾನೇ. ಅವರಮ್ಮನಿಗೆ ಹೇಳೋಳೂ ನಾನೇ." ಪಿಯೆಂಗ್ ಎದ್ದು ನಿಂತಳು. "ಇನ್ನೂ ಎಷ್ಟೋ ಜನ ಅಲ್ಲೇ ಇದಾರೆ."

ಕಹಳೆಯಿಲ್ಲದೆಯೇ ಕೂಗಿದಳು. ಗಂಡನ ಹೆಸರನ್ನಷ್ಟೇ ಅಲ್ಲ. ತನಗೆ ನೆನಪಿದ್ದ ಪ್ರತಿಯೊಬ್ಬನ ಹೆಸರು, ಅವನ ಅಪ್ಪನ ಹೆಸರು, ಅವನ ಊರಿನ ಹೆಸರು. ಕೂಗಿ ಕೂಗಿ ದನಿ ಕಾಗೆಯಂತಾದರೂ ನಿಲ್ಲಿಸಲಿಲ್ಲ. ಗುಂಡುಗಳು ಕಂದಕದ ಅಂಚಿನ ಮಣ್ಣು ಚಿಮ್ಮಿಸಿದಾಗ ಬಗ್ಗಿದಳು, ಮತ್ತೆ ಎದ್ದಳು. ಮಂಜು ಕರಗುವ ಹೊತ್ತಿಗೆ ಗುಡ್ಡದ ಮೆಷಿನ್ ಗನ್ ಸುಮ್ಮನಾಗಿತ್ತು. ಅದನ್ನು ಹಾರಿಸುತ್ತಿದ್ದ ಸಾಹೇಬರು ಕೋಟೆಯ ಕಡೆಗೆ ಓಡುತ್ತಿದ್ದುದು ಕೆಳಗಿನಿಂದಲೇ ಕಾಣಿಸಿತು.

ಎಲ್ಲರಿಗಿಂತ ಕೊನೆಗೆ ಬಂದವನು ಮುವನ್. ಬೂಟು ತಂತಿಯಲ್ಲೇ ಉಳಿದು ಬರಿಗಾಲು ರಕ್ತವಾಗಿತ್ತು. ಹೆಂಡತಿಯನ್ನು ನೋಡಲಾರದೆ, ಪಾನ್ ಮಲಗಿದ್ದ ಕಡೆಗೂ ನೋಡಲಾರದೆ, ಎರಡೂ ಕೈ ಮೇಲೆತ್ತಿಕೊಂಡು ಖಾಯ್ ಎದುರು ನಿಂತ. ಅವನು ಯಾರೆಂದು ಖಾಯ್ ಕೇಳುವ ಮೊದಲೇ ಪಿಯೆಂಗ್ ಪಕ್ಕದವನ ಸಲಿಕೆ ತೆಗೆದುಕೊಂಡು ಬಂದಳು.

"ಕೈ ಇಳಿಸು," ಎಂದಳು ಗಂಡನತ್ತ ಸಲಿಕೆ ಚಾಚಿ. "ಕೋಟೆ ಇನ್ನೂ ದೂರ ಇದೆ. ಅಲ್ಲೀವರೆಗೆ ಕಂದಕ ತೋಡಬೇಕು."