ಮೊದಲು ವೇಗ, ಆಮೇಲೆ ಹಿಡಿ

"ಪ್ರೊಪೆಲ್ಲರ್ ಹಿಡಿ ಬಿಡಿ! ಎಂಜಿನ್ ವೇಗ ಇಳಿಸದೆ ಪ್ರೊಪೆಲ್ಲರಿನ ಕೋನ ಬದಲಿಸಬಾರದು ಅಂತ ಎಷ್ಟು ಸಲ ಬಡ್ಕೊಳ್ಳೋದು?" ಪಕ್ಕದಲ್ಲಿದ್ದ ಪರೀಕ್ಷಕಿ ಮುದಿ ಪೈಲಟ್‌ನ ಕೈ ತಳ್ಳಿದಳು. ಹಾರುತ್ತಿದ್ದ ಪುಟ್ಟ ಮೋಟಾರ್ ಗ್ಲೈಡರ್ ಗಡಗಡ ನಡುಗಿತು.

"ಗೊತ್ತು. ಕಿರುಚಬೇಡ."

"ಗೊತ್ತಿದ್ರೆ ಮೂರನೇ ಸಲ ಮರೀತಿದ್ರಾ? 'ಮೊದಲು ವೇಗ, ಆಮೇಲೆ ಹಿಡಿ' ಅಂತ ಕಣ್ಣೆದುರೇ ಚೀಟಿ ಅಂಟಿಸಿದೆ, ಓದಿ! ನಿಮ್ಮ ಲೈಸೆನ್ಸ್ ನವೀಕರಣಕ್ಕೆ ನಾನು ಸಹಿ ಹಾಕಲ್ಲ."

ಆಕಾಶ ಬಿಟ್ಟರೆ ಆತನಿಗೆ ಬೇರೆ ನಂಟರಿರಲಿಲ್ಲ. ಚೀಟಿ ಓದಿ, ಗ್ಲೈಡರನ್ನು ನೆಲಕ್ಕಿಳಿಸಿದ. ಎಂಜಿನ್ ನಿಂತ ಮೇಲೆ ಚೀಟಿಯನ್ನು ಮೆಲ್ಲಗೆ ಕಿತ್ತು, ಜೇಬಿಗಿಟ್ಟುಕೊಂಡು, ಮೈದಾನದ ಗೇಟಿನತ್ತ ನಡೆದ.

ಅವಳು ಹಿಂದೆಯೇ ಓಡಿಬಂದಳು. ಈಗ ದನಿ ಒಡೆದಿತ್ತು.

"ಮೇಷ್ಟ್ರೇ, ಆ ಚೀಟಿನಾದ್ರೂ ಬಿಟ್ಟುಹೋಗಿ. ನಂಗೆ ಹಾರೋದು ಕಲಿಸೋವಾಗ ನೀವೇ ಬರೆದು ಅಂಟಿಸಿದ್ದು."

ಆತ ಚೀಟಿಯನ್ನು ಅವಳ ಕೈಗಿಟ್ಟು ಗೇಟು ದಾಟಿದ. ಮತ್ತೆಂದೂ ಆ ಮೈದಾನಕ್ಕೆ ಬರಲಿಲ್ಲ.