ಚಾಚಿದ ಕೈ

"ಇವರು ನಮ್ಮನೆ ಕೆಲಸದವರು ಸಾರ್," ಅಂದುಬಿಟ್ಟ ನೆಸ್ತೋರ್. ಮನಿಲಾದ ಕ್ರಿಸ್‌ಮಸ್ ದೀಪಗಳ ಕೆಳಗೆ, ಫುಟ್‌ಪಾತಿನ ಅಂಚಿನಲ್ಲಿ ಕೂತು, ಬಾಳೆಲೆಯ ಪೊಟ್ಟಣ ಬಿಚ್ಚಿ ಪುಟ್ಟ ಮೊಮ್ಮಗಳಿಗೆ ತುತ್ತಿಡುತ್ತಿದ್ದ ಅವನ ಅಮ್ಮನ ಕೈ ಅಲ್ಲೇ ನಿಂತಿತು. ಅವಳ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಎದುರಿಗೆ, ಹೆಂಡತಿ ಮಕ್ಕಳ ಜೊತೆ ದೀಪ ನೋಡಲು ಬಂದಿದ್ದ ಅವನ ಆಫೀಸಿನ ಮ್ಯಾನೇಜರು.

ಮ್ಯಾನೇಜರು ಬಗ್ಗಿ, ಅನ್ನ ಮೆತ್ತಿದ್ದ ಆ ಕೈಯನ್ನೇ ಹಿಡಿದು ಹಣೆಗೆ ಒತ್ತಿಕೊಂಡರು. "ಆಶೀರ್ವಾದ ಮಾಡಿ ಅಜ್ಜಿ. ಏಯ್, ಬನ್ರೋ ಇಲ್ಲಿ! ಹಿರಿಯರು ಕಂಡ್ರೆ ಹೇಳಿಸ್ಕೋಬೇಕಾ ನೀವು?" ಮಕ್ಕಳೂ ಒಬ್ಬರ ಹಿಂದೊಬ್ಬರು ಬಂದು ಅದೇ ಕೈಗೆ ಹಣೆ ಮುಟ್ಟಿಸಿದರು.

ನಿನ್ನೆ ಊರಿಂದ ಬಂದು ಬಸ್ಸಿಳಿದಾಗ ಅಮ್ಮ ಈ ಕೈಯನ್ನು ಮಗನತ್ತಲೂ ಚಾಚಿದ್ದಳು. ಜನ ನೋಡುತ್ತಾರೆಂದು ನೆಸ್ತೋರ್ ಹಣೆ ಬಗ್ಗಿಸಿರಲಿಲ್ಲ. ಅವಳ ಇನ್ನೊಂದು ಕೈಲಿದ್ದ ಚೀಲ ಇಸಿದುಕೊಂಡು ಮುಂದೆ ನಡೆದಿದ್ದ.

"ದೇವರು ಒಳ್ಳೇದು ಮಾಡ್ಲಿ," ಎಂದು ಎಲ್ಲರನ್ನೂ ಹರಸಿ ಅಮ್ಮ ಎದ್ದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನೆಸ್ತೋರನ ಹೆಗಲಲ್ಲಿದ್ದ ಚೀಲದ ಕಡೆ ಚಾಚಿದಳು.

"ಕೊಡಿ ಸಾರ್, ನಾನು ಹೊತ್ಕೊಳ್ತೀನಿ. ನೀವು ದೀಪ ನೋಡಿ."